ಕಾಬೂಲಿ ಕಡಲೆ ಕಟ್ಲೆಟ್ ಕಾವಲಿಯಲ್ಲೇ ಪುಡಿಪುಡಿ! ವೀಗನ್ ಆದ ಮಗನಿಗೆ ಊಟಕ್ಕೆ ಏನು ಮಾಡಲಿ?

ಡೊಂಬಿವಲಿ ಅಡುಗೆಮನೆ · ಶುಕ್ರವಾರ, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ತಲೆ ಕೆಟ್ಟು ಬರೆಯುತ್ತಿದ್ದೇನೆ.

ಮಗ ಪುಣೆಯಲ್ಲಿ ಓದುತ್ತಿದ್ದಾನೆ. ದೀಪಾವಳಿಗೆ ಬಂದಾಗ ಅವನ ಅನ್ನಕ್ಕೆ ತುಪ್ಪ ಹಾಕಲು ಚಮಚ ಎತ್ತಿದೆ. ತಟ್ಟೆಗೆ ಅಂಗೈ ಅಡ್ಡ ಹಿಡಿದ. "ಬೇಡಮ್ಮ, ನಾನೀಗ ವೀಗನ್, ಹಾಲು, ತುಪ್ಪ ಏನೂ ಮುಟ್ಟಲ್ಲ" ಅಂದ. ಅಷ್ಟರಲ್ಲಿ ತುಪ್ಪ ಅವನ ಬೆರಳ ಮೇಲೆ ಬಿದ್ದಾಗಿತ್ತು. ಎದ್ದು ಹೋಗಿ ಸೋಪು ಹಚ್ಚಿ ತೊಳೆದುಕೊಂಡು ಬಂದ. ಅವನು ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ ನೋಡಿ.

ನನ್ನ ತವರು ತೀರ್ಥಹಳ್ಳಿ ಕಡೆ. ತಂಬುಳಿ, ಮಜ್ಜಿಗೆ ಹುಳಿ, ಮೊಸರು ಗೊಜ್ಜು. ನನ್ನ ಕೈಗೆ ಚೆನ್ನಾಗಿ ಬರುವುದೆಲ್ಲ ಮೊಸರಿನ ಅಡುಗೆಯೇ. ಆ ನಾಲ್ಕು ದಿನ ಅವನಿಗೆ ಬರೀ ಸಾರು, ಪಲ್ಯ ಹಾಕಿ ಕಳಿಸಿದೆ. ಈಗ ಬರುವ ಶನಿವಾರ ಮತ್ತೆ ಬರುತ್ತಿದ್ದಾನೆ. ಫೋನಲ್ಲಿ ಹೇಳಿದ: "ಅಮ್ಮಾ, ಪಕ್ಕಕ್ಕೆ ಬಡಿಸೋದಲ್ಲ, ತಟ್ಟೆಯ ನಡುವೆ ಕೂರುವಂಥದ್ದು ಏನಾದರೂ ಮಾಡು. ಕಾಬೂಲಿ ಕಡಲೆಯಲ್ಲಿ ಏನೇನೋ ಮಾಡುತ್ತಾರೆ."

ಒಂದು ವಿಡಿಯೋ ನೋಡಿ ಇವತ್ತು ಮಾಡಿದೆ. ಎರಡು ಕಪ್ ಕಡಲೆ ನೆನೆಸಿ ಏಳು ವಿಷಲ್ ಕೂಗಿಸಿದೆ. ಮಿಕ್ಸಿಗೆ ಹಾಕಿದೆ. ತಿರುಗಲಿಲ್ಲ ಅಂತ ಸ್ವಲ್ಪ ನೀರು ಬಿಟ್ಟೆ. ಈರುಳ್ಳಿ, ಬ್ರೆಡ್ ಪುಡಿ, ಮೊಟ್ಟೆಯ ಬದಲು ಅಗಸೆ ಪುಡಿಗೆ ನೀರು ಕಲೆಸಿ ಹಾಕಬೇಕಂತೆ, ಅದೂ ಹಾಕಿದೆ. ತಟ್ಟುವಾಗ ಚೆನ್ನಾಗಿಯೇ ಇತ್ತು. ಕಾವಲಿಗೆ ಹಾಕಿ ಎರಡು ನಿಮಿಷ ಬಿಟ್ಟು ಸಟ್ಟುಗ ತೂರಿಸಿದೆ. ಮೇಲಿನ ಅರ್ಧ ಸಟ್ಟುಗದ ಜೊತೆ ಬಂತು, ಕೆಳಗಿನ ಅರ್ಧ ಕಾವಲಿಯಲ್ಲೇ ಕೂತಿತು. ಕೆರೆದು ಕೆರೆದು ಎಲ್ಲ ಒಂದು ರಾಶಿಯಾಯಿತು. ನಮ್ಮವರು ಆಫೀಸಿನಿಂದ ಬಂದವರು ಕಾವಲಿಗೆ ಬಗ್ಗಿ ನೋಡಿ, "ಉಪ್ಪಿಟ್ಟಾ? ಒಳ್ಳೇದಾಯ್ತು" ಅಂದರು.

ಎಂಟು ದಿನ ಇದೆ. ಎಲ್ಲಿ ತಪ್ಪಿದೆ ಅಂತ ಯಾರಾದರೂ ಹೇಳುತ್ತೀರಾ?

ಸುಮ್ನೆ ಓದುವವನು · ಶುಕ್ರವಾರ, ರಾತ್ರಿ 10:41

ಆ ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡಿದಿರಾ?

ಹಳೆ ಹೋಟೆಲ್ ಕೈ, ಮಾಟುಂಗಾ · ಶನಿವಾರ, ಬೆಳಿಗ್ಗೆ 5:50

ತಂಗೀ, ನಾನು ಮಾಟುಂಗಾದಲ್ಲಿ ಹೋಟೆಲ್ ಅಡುಗೆಮನೆಯಲ್ಲಿ 31 ವರ್ಷ ನಿಂತವನು. ಈಗ ಮೊಮ್ಮಗಳಿಗೆ ದೋಸೆ ಹುಯ್ಯುವುದೊಂದೇ ಡ್ಯೂಟಿ. ನೀವು ಬರೆದದ್ದು ಓದಿದ ಕೂಡಲೇ ಗೊತ್ತಾಯಿತು.

ಅಂಟು ಸಾಲದೆ ಒಡೆದದ್ದಲ್ಲ. ನೀರು ಜಾಸ್ತಿಯಾಗಿ ಒಡೆದದ್ದು. ನೆನೆದ ಕಡಲೆ ತನ್ನ ತೂಕದಷ್ಟೇ ನೀರು ಕುಡಿದಿರುತ್ತದೆ. ಏಳು ವಿಷಲ್‌ಗೆ ಇನ್ನಷ್ಟು ಕುಡಿಯುತ್ತದೆ. ಮಿಕ್ಸಿಗೆ ನೀವು ಬೇರೆ ಬಿಟ್ಟಿರಿ. ಹಸಿ ಈರುಳ್ಳಿಗೆ ಉಪ್ಪು ತಾಗಿದರೆ ಅದೂ ನೀರು ಬಿಡುತ್ತದೆ. ಇಷ್ಟು ನೀರನ್ನು ಬ್ರೆಡ್ ಪುಡಿ ಕುಡಿದು ತಾನೂ ಅಂಬಲಿಯಾಗುತ್ತದೆ. ಪಾಪ, ಅಗಸೆ ಏನು ಮಾಡೀತು?

ಒಂದು ಪ್ರಶ್ನೆ ಕೇಳುತ್ತೇನೆ. ಅಂಬೊಡೆಗೆ ಯಾರಾದರೂ ಕಡಲೆಬೇಳೆ ಬೇಯಿಸುತ್ತಾರಾ? ಇಲ್ಲ. ನೆನೆಸಿ, ನೀರು ಬಸಿದು, ತರಿತರಿಯಾಗಿ ರುಬ್ಬಿ ತಟ್ಟುತ್ತೇವೆ. ಮೈದಾ ಬೇಡ, ಬ್ರೆಡ್ ಬೇಡ, ಆದರೂ ಎಣ್ಣೆಯಲ್ಲಿ ಒಡೆಯುವುದಿಲ್ಲ. ಹಸಿ ಬೇಳೆಯ ಹಿಟ್ಟು ಎಣ್ಣೆಯ ಬಿಸಿಗೆ ಬೇಯುತ್ತಾ ಬೇಯುತ್ತಾ ತಾನೇ ಅಂಟಾಗುತ್ತದೆ. ನೀವು ಆ ಅಂಟನ್ನು ಕುಕ್ಕರಿನಲ್ಲೇ ಖರ್ಚು ಮಾಡಿಬಿಟ್ಟಿರಿ. ಅರಬ್ಬರ ಫಲಾಫೆಲ್ ಕೂಡ ಹೀಗೆಯೇ, ಬರೀ ನೆನೆಸಿದ ಕಡಲೆ. ಬೇಯಿಸಿದ ಕಡಲೆಯಲ್ಲಿ ಅದನ್ನು ಮಾಡಲು ಹೋದವರ ಎಣ್ಣೆಯೆಲ್ಲ ಕೆಸರಾಗುತ್ತದೆ.

ಅದಕ್ಕೆ ಕಾಬೂಲಿ ಕಡಲೆ ರಾತ್ರಿ ನೆನೆಸಿ. ಬೆಳಿಗ್ಗೆ ಬಸಿದು ಪಂಚೆ ಬಟ್ಟೆ ಮೇಲೆ ಅರ್ಧ ಗಂಟೆ ಹರಡಿ. ಹಾಗೇ ರುಬ್ಬಿ ಕರಿಯಿರಿ.

ಡೊಂಬಿವಲಿ ಅಡುಗೆಮನೆ · ಶನಿವಾರ, ಬೆಳಿಗ್ಗೆ 9:15

ಅಣ್ಣಾ, ಅಂಬೊಡೆಯ ಮಾತು ತಲೆಗೆ ಸರಿಯಾಗಿ ಹೊಕ್ಕಿತು. ಇಷ್ಟು ವರ್ಷ ಅಂಬೊಡೆ ತಟ್ಟಿ ನನಗೇ ಹೊಳೆಯಲಿಲ್ಲವಲ್ಲ! ಆದರೆ ನಮ್ಮವರಿಗೆ ಡಾಕ್ಟರು ಕರಿದದ್ದು ಬೇಡ ಅಂದಿದ್ದಾರೆ. ಮನೆಯಲ್ಲಿ ಬಾಣಲೆಗೆ ಎಣ್ಣೆ ಇಟ್ಟರೆ ಅವರನ್ನು ಹಿಡಿಯುವವರು ಯಾರು? ಕಾವಲಿಯ ಮೇಲೆ ಸ್ವಲ್ಪ ಎಣ್ಣೆಯಲ್ಲಿ ಆಗುವಂಥದ್ದೇ ಬೇಕಿತ್ತು.

ಮುಲುಂಡ್ ಮಜ್ಜಿಗೆ · ಶನಿವಾರ, ಬೆಳಿಗ್ಗೆ 11:02

ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನಾವು ಹುಟ್ಟಾ ಸಸ್ಯಾಹಾರಿಗಳು. ಹಾಲು, ಮೊಸರೂ ಬಿಟ್ಟರೆ ತಿನ್ನೋದಕ್ಕೆ ಉಳಿಯೋದೇನು? ಇದೆಲ್ಲ ಹಾಸ್ಟೆಲ್ ಶೋಕಿ. ಎರಡು ವರ್ಷ ಹೋದರೆ ತಾನೇ ಮೊಸರನ್ನ ಕೇಳುತ್ತಾನೆ. ಅಲ್ಲಿವರೆಗೆ ಅವನಿಗೋಸ್ಕರ ಬೇರೆ ಅಡುಗೆ ಯಾಕೆ ಮಾಡಬೇಕು?

ಆರು ವರ್ಷದ ವೀಗನ್, ಔಂಧ್ · ಶನಿವಾರ, ಮಧ್ಯಾಹ್ನ 1:30

ಮುಲುಂಡ್ ಸಾರ್, ನನಗೂ ನಮ್ಮ ಮಾವ ಇದೇ ಹೇಳಿದ್ದರು. ಎರಡು ವರ್ಷ ಅಂದಿದ್ದರು, ಈಗ ಆರಾಯಿತು. ಶೋಕಿಯೇ ಇರಬಹುದು, ಆದರೆ ಹೊಸ ಶೋಕಿ ಅಲ್ಲ. ಇಂಗ್ಲೆಂಡಿನಲ್ಲಿ ಕೆಲವು ಸಸ್ಯಾಹಾರಿಗಳು ಹಾಲು, ಮೊಟ್ಟೆಯೂ ಬೇಡ ಅಂತ ಬೇರೆಯಾಗಿ 1944ರಲ್ಲೇ ಸಂಘ ಕಟ್ಟಿಕೊಂಡರು. ವೀಗನ್ ಅನ್ನುವ ಹೆಸರು ಹುಟ್ಟಿದ್ದು ಆಗಲೇ. ವಾದ ಇಲ್ಲಿಗೆ ಬಿಡುತ್ತೇನೆ, ಇದು ಅಡುಗೆಯ ಮಾತು.

ಡೊಂಬಿವಲಿ ಅಮ್ಮನಿಗೆ ಒಂದು ಕಿವಿಮಾತು. ನಡುವೆ ಕೂರುವ ಅಡುಗೆ ಕಷ್ಟವೇ ಅಲ್ಲ. ಕಣ್ಣಿಗೆ ಕಾಣದೆ ಒಳಗೆ ಸೇರಿಕೊಳ್ಳುವುದೇ ಕಷ್ಟ. ನೀವು ಹಾಕಿದ ಬ್ರೆಡ್ ಪುಡಿಯ ಪೊಟ್ಟಣ ತಿರುಗಿಸಿ ನೋಡಿ. ಎಷ್ಟೋ ಬ್ರೆಡ್ಡಿನಲ್ಲಿ ಹಾಲಿನ ಪುಡಿ ಇರುತ್ತದೆ. ಹಸಿರು ಚುಕ್ಕೆ ಇದೆಯಲ್ಲ ಅನ್ನಬೇಡಿ. ಹಸಿರು ಚುಕ್ಕೆ ಅಂದರೆ ಸಸ್ಯಾಹಾರ, ಅದರಲ್ಲಿ ಹಾಲು, ಜೇನು ಎಲ್ಲ ಸೇರಿತು. ವೀಗನ್‌ಗೆ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಬೇರೆ ಗುರುತು ತಂದಿದೆ. ಹಸಿರು ಬಣ್ಣದ ವಿ ಅಕ್ಷರ, ಅದರ ಮೇಲೊಂದು ಪುಟ್ಟ ಎಲೆ. 2022ರಲ್ಲಿ ನಿಯಮವೂ ಬಂತು. ಆದರೆ ಓಣಿಯ ಬೇಕರಿ ಪಾವ್ ಮೇಲೆ ಯಾವ ಗುರುತೂ ಇರುವುದಿಲ್ಲ. ಮೇಲೆ ಹಾಲೋ ಬೆಣ್ಣೆಯೋ ಸವರಿದ್ದೀರಾ ಅಂತ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ನಗುತ್ತಾರೆ, ಆದರೂ ಹೇಳುತ್ತಾರೆ.

ಡೊಂಬಿವಲಿ ಅಡುಗೆಮನೆ · ಶನಿವಾರ, ಮಧ್ಯಾಹ್ನ 1:52

ಪೊಟ್ಟಣ ನೋಡಿದೆ. ಮಿಲ್ಕ್ ಸಾಲಿಡ್ಸ್ ಅಂತ ಇದೆ. ಒಡೆದು ಹೋದದ್ದೇ ಒಳ್ಳೆಯದಾಯಿತು.

ಮುಲುಂಡ್ ಸಾರ್, ಬೇರೆ ಅಡುಗೆ ಯಾಕೆ ಅಂದಿರಿ. ವರ್ಷಕ್ಕೆ ಇಪ್ಪತ್ತು ದಿನ ಮನೆಗೆ ಬರುವ ಹುಡುಗ ಸಾರ್.

ಕೊತ್ರೂಡ್ ಧಾರವಾಡ · ಶನಿವಾರ, ಸಂಜೆ 6:10

ಅಕ್ಕಾರೆ, ಇಷ್ಟೆಲ್ಲ ತಲೆ ಕೆಡಿಸಿಕೊಂಡು ಕೂತಿದ್ದೀರಲ್ಲ, ಝುಣಕದ ವಡಿ ಮರೆತುಬಿಟ್ಟಿರೇನ್ರಿ? ಕಡಲೆಹಿಟ್ಟು ಕಡಲೆ ಅಲ್ಲವೇನು?

ನಾನು ಮಾಡುವುದು ಹೀಗೆ. ಒಂದು ವಾಟಿ ಕಡಲೆಹಿಟ್ಟಿಗೆ ಎರಡು ವಾಟಿ ನೀರು. ಹಿಟ್ಟನ್ನು ಅರ್ಧ ನೀರಿನಲ್ಲಿ ಗಂಟಿಲ್ಲದಂತೆ ಕಲೆಸಿಡಿ. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಜೀರಿಗೆ, ಇಂಗು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜಜ್ಜಿ ಹಾಕಿ. ಅರಿಶಿನ, ಉಪ್ಪು, ಉಳಿದ ನೀರು ಹಾಕಿ ಕುದಿ ಬಂದಮೇಲೆ ಕಲೆಸಿದ ಹಿಟ್ಟು ಸುರಿದು ಕೈ ಬಿಡದೆ ತಿರುವಿ. ಮೊದಲು ಗಂಜಿ ಥರ, ಆಮೇಲೆ ಗೋಂದಿನ ಥರ. ತಳ ಬಿಟ್ಟು ಒಂದೇ ಮುದ್ದೆಯಾಗಿ ಸಟ್ಟುಗದ ಹಿಂದೆ ಓಡಾಡಲು ಶುರುವಾದರೆ ಉರಿ ಸಣ್ಣ ಮಾಡಿ, ಮುಚ್ಚಿ ಐದು ನಿಮಿಷ ಹಬೆಗೆ ಬಿಡಿ. ಇದನ್ನು ಬಿಟ್ಟರೆ ಹಸಿಹಿಟ್ಟಿನ ವಾಸನೆ ಹೋಗುವುದಿಲ್ಲ. ಎಣ್ಣೆ ಸವರಿದ ತಾಟಿಗೆ ಹಾಕಿ, ಒದ್ದೆ ಕೈಯಿಂದ ಬೆರಳು ದಪ್ಪಕ್ಕೆ ತಟ್ಟಿ. ಮೇಲೆ ಒಣಕೊಬ್ಬರಿ, ಕೊತ್ತಂಬರಿ. ಆರಿದ ಮೇಲೆ ಶಂಕರಪೋಳಿ ಆಕಾರಕ್ಕೆ ಕೊಯ್ಯಿರಿ.

ಇಲ್ಲಿ ಮರಾಠಿಯವರು ಇದನ್ನೇ ಪಾಟವಡಿ ಅನ್ನುತ್ತಾರೆ. ಕೊಬ್ಬರಿ, ಈರುಳ್ಳಿ ಕಪ್ಪಗೆ ಹುರಿದು ರುಬ್ಬಿ ಖಾರದ ರಸ್ಸಾ ಮಾಡಿ, ಅದರಲ್ಲಿ ಬಿಟ್ಟು ಭಾಕ್ರಿ ಜೊತೆ ಕೊಡುತ್ತಾರೆ. ಅದೇ ಊಟ, ಬೇರೆ ಪಲ್ಯ ಬೇಡ. ವಡಿಗಳನ್ನು ರಸ್ಸಾದಲ್ಲಿ ಕುದಿಸಬೇಡಿ, ಕರಗಿ ಹೋಗುತ್ತವೆ. ಬಡಿಸುವಾಗ ತಾಟಿನಲ್ಲಿ ವಡಿ ಇಟ್ಟು ಮೇಲೆ ಬಿಸಿ ರಸ್ಸಾ ಸುರಿಯಿರಿ.

ತುಪ್ಪ ಇಲ್ಲ, ಮೊಸರು ಇಲ್ಲ. ನಮ್ಮವ್ವ ವೀಗನ್ ಅನ್ನುವ ಮಾತು ಕೇಳಿಯೇ ಇರಲಿಲ್ಲ, ವಾರಕ್ಕೊಮ್ಮೆ ಇದನ್ನು ಮಾಡುತ್ತಿದ್ದಳು.

ಹಿಂಜೆವಾಡಿ ಸಿಂಗಲ್ ರೂಮ್ · ಶನಿವಾರ, ರಾತ್ರಿ 11:48

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇದನ್ನೆಲ್ಲ ಓದಿ ನಾನೂ ಕಡಲೆ ನೆನೆಸಿದೆ. ಛೋಲೆ ಮಾಡೋಣ ಅಂತ. ಎಂಟು ವಿಷಲ್ ಆಯಿತು, ಇನ್ನೂ ಗೋಲಿ ಆಡಬಹುದು. ರೂಮ್‌ಮೇಟ್ ಒಂದು ಬಾಯಿಗೆ ಹಾಕಿಕೊಂಡು ಹಲ್ಲು ಹಿಡಿದುಕೊಂಡ. ಕುಕ್ಕರ್ ಹಾಳಾಗಿದೆಯಾ?

ಹಳೆ ಹೋಟೆಲ್ ಕೈ, ಮಾಟುಂಗಾ · ಭಾನುವಾರ, ಬೆಳಿಗ್ಗೆ 5:40

ಕುಕ್ಕರಿಗೆ ಬೈಯಬೇಡ ಮಗಾ. ನಿಮ್ಮಲ್ಲಿ ಟ್ಯಾಂಕರ್ ನೀರಾ, ಬೋರ್‌ವೆಲ್ ನೀರಾ? ಬಕೆಟ್ ಮೇಲೆ ಬಿಳಿ ಕಲೆ ಕಟ್ಟುತ್ತದಾ? ಹಾಗಾದರೆ ಅದು ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶ ಕಾಳಿನ ಸಿಪ್ಪೆಯನ್ನು ಇನ್ನೂ ಬಿಗಿ ಮಾಡುತ್ತದೆ. ಕುಡಿಯುವ ನೀರಿನಲ್ಲೇ ನೆನೆಸು, ಅದರಲ್ಲೇ ಬೇಯಿಸು. ನೆನೆಸುವ ನೀರಿಗೆ ಒಂದು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕು. ಮಾರನೇ ದಿನ ಆ ನೀರು ಚೆಲ್ಲಿ, ತೊಳೆದು, ಹೊಸ ನೀರಿಟ್ಟು ನಾಲ್ಕು ವಿಷಲ್, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಸೋಡಾ ಜಾಸ್ತಿ ಹಾಕಿದರೆ ಸೋಪಿನ ರುಚಿ ಬರುತ್ತದೆ, ಹುಷಾರು.

ಇನ್ನೊಂದು. ಟೊಮೇಟೊ ಕುಕ್ಕರಿಗೇ ಹಾಕಿದ್ದೆಯಾ?

ಹಿಂಜೆವಾಡಿ ಸಿಂಗಲ್ ರೂಮ್ · ಭಾನುವಾರ, ಬೆಳಿಗ್ಗೆ 10:30

ಹೌದು ಅಂಕಲ್, ಮೂರು. ಒಂದೇ ಕುಕ್ಕರ್ ಇರೋದು, ಎಲ್ಲ ಒಟ್ಟಿಗೆ ಹಾಕಿದ್ದೆ.

ಹಳೆ ಹೋಟೆಲ್ ಕೈ, ಮಾಟುಂಗಾ · ಭಾನುವಾರ, ಬೆಳಿಗ್ಗೆ 10:34

ಅದೇ ನೋಡು. ಹುಳಿ ತಾಗಿದ ಕಾಳು ಬೇಯುವುದಿಲ್ಲ. ಟೊಮೇಟೊ, ಹುಣಸೆ, ನಿಂಬೆ, ಯಾವುದೇ ಆಗಲಿ, ಕಾಳು ಮೆತ್ತಗಾದ ಮೇಲೆಯೇ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಹಳೇ ಕಡಲೆಯೂ ಹೀಗೆ ಕಾಡುತ್ತದೆ.

ಭಾಂಡುಪ್ ಬಜಿಲ್ · ಭಾನುವಾರ, ಮಧ್ಯಾಹ್ನ 12:15

ಕಡ್ಲೆ ಅಂತ ಹೇಳಿ ನಮ್ಮ ಊರಿನವರನ್ನು ಕರೆಯದೆ ಇರುವುದಾ ಮಾರಾಯ್ರೆ! ಬೆಳಿಗ್ಗೆ ಕಡ್ಲೆ ಬಜಿಲ್ (ಅವಲಕ್ಕಿ), ಮಧ್ಯಾಹ್ನ ಕಡ್ಲೆ ಮನೋಳಿ (ತೊಂಡೆಕಾಯಿ), ನಾವು ಕಡ್ಲೆಯಲ್ಲೇ ಬೆಳೆದವರು.

ಕಾಬೂಲಿ ಬಿಡಿ, ಕಂದು ಬಣ್ಣದ ನಾಟಿ ಕಡ್ಲೆ ತೆಗೆದುಕೊಳ್ಳಿ. ಗಸಿಗೆ, ಅಂದರೆ ನಮ್ಮ ತೆಂಗಿನಕಾಯಿ ಸಾರಿಗೆ, ಅದಕ್ಕಿರುವ ರುಚಿ ಬಿಳಿ ಕಡ್ಲೆಗೆ ಇಲ್ಲ. ಎಂಟು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳು ಮೆಂತ್ಯ ತೆಂಗಿನೆಣ್ಣೆಯಲ್ಲಿ ಹುರಿದು, ಒಂದು ಕಪ್ ತೆಂಗಿನತುರಿ, ಹುಣಸೆ, ಬೆಳ್ಳುಳ್ಳಿ ಜೊತೆ ನುಣ್ಣಗೆ ಅರೆಯಿರಿ. ಬೆಂದ ಕಡ್ಲೆಗೆ ಹಾಕಿ ಕುದಿಸಿ. ಕೊನೆಗೆ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ.

ಕೋಳಿ ಇಲ್ಲದೆ ಕೋರಿ ರೊಟ್ಟಿ ತಿಂದಿದ್ದೀರಾ? ರೊಟ್ಟಿ ಅಂದರೆ ಅಕ್ಕಿ, ಉಪ್ಪು ಅಷ್ಟೇ. ಗರಿಗರಿ ರೊಟ್ಟಿ ತಟ್ಟೆಯಲ್ಲಿ ಮುರಿದು, ಮೇಲೆ ಈ ಗಸಿಯನ್ನು ಸ್ವಲ್ಪ ತೆಳ್ಳಗೆ ಮಾಡಿ ಸುರಿಯಿರಿ. ಅರ್ಧ ನೆನೆದಿರಬೇಕು, ಅರ್ಧ ಕರುಂ ಕುರುಂ ಅನ್ನಬೇಕು. ಮಂಗಳೂರು ಸ್ಟೋರ್‌ಗಳಲ್ಲಿ ರೊಟ್ಟಿ ಪ್ಯಾಕೆಟ್ ಸಿಗುತ್ತದೆ. ಫೆಬ್ರವರಿ ಕಳೆದ ಮೇಲಾದರೆ ಮಾಟುಂಗಾ ಮಾರ್ಕೆಟ್‌ನಲ್ಲಿ ಗುಜ್ಜೆ, ಅಂದರೆ ಎಳೆ ಹಲಸಿನಕಾಯಿ, ಕೇಳಿ. ಗುಜ್ಜೆ ಕಡ್ಲೆ ಸುಕ್ಕ ಮಾಡಿದರೆ ಮಾಂಸ ತಿನ್ನುವವರೂ ಒಂದು ಸಲ ತಟ್ಟೆ ನೋಡುತ್ತಾರೆ.

ಮಡಗಾಂವ್ ಮನೆ · ಭಾನುವಾರ, ಮಧ್ಯಾಹ್ನ 3:05

ಭಾಂಡುಪ್‌ನವರು ಹೇಳಿದ್ದಕ್ಕೆ ಗೋವಾದ ಕಡೆಯಿಂದ ಸಣ್ಣ ಸೇರ್ಪಡೆ. ಇಲ್ಲಿ ತೋಣಕ್ ಅಂತ ಮಾಡುತ್ತಾರೆ. ಕಾಯಿತುರಿ, ಈರುಳ್ಳಿ, ಕೊತ್ತಂಬರಿ ಬೀಜ ಚೆನ್ನಾಗಿ ಕೆಂಪಗೆ ಹುರಿದು ರುಬ್ಬುವುದು. ಕಾಳು ಯಾವುದಾದರೂ ಆಗುತ್ತದೆ, ಅಲಸಂಡೆ, ಬಟಾಣಿ, ಕಡಲೆ. ಸಂಜೆ ಬ್ರೆಡ್ ಮಾರುವ ಪೋದೇರ್ ಸೈಕಲ್ ಮೇಲೆ ಪೋಂ ಪೋಂ ಅಂತ ಬಂದಾಗ ಪೊಯಿ ಅನ್ನುವ ಇಲ್ಲಿಯ ಬ್ರೆಡ್ ತೆಗೆದುಕೊಂಡು ಅದರ ಜೊತೆ ತಿನ್ನುತ್ತೇವೆ. ನಾನು ಹುಬ್ಬಳ್ಳಿಯಿಂದ ಬಂದು 14 ವರ್ಷ ಆಯಿತು, ಮನೆಯಲ್ಲಿ ಈಗ ರೊಟ್ಟಿಗಿಂತ ಪೊಯಿ ಜಾಸ್ತಿ ಖರ್ಚು.

ಕಾಯಿ ಹುರಿಯುವಾಗ ಧೈರ್ಯ ಬೇಕು. ಹೊಂಬಣ್ಣಕ್ಕೆ ನಿಲ್ಲಿಸಿದರೆ ಅದು ಬೇರೆ ಸಾಂಬಾರ್ ಆಗುತ್ತದೆ. ಕಾಫಿಬೀಜದ ಬಣ್ಣಕ್ಕೆ ಒಂದು ಮೆಟ್ಟಿಲು ಹಿಂದೆ ನಿಲ್ಲಿಸಿ. ಬೆಣ್ಣೆ, ಕ್ರೀಮ್ ಇಲ್ಲದ ಗ್ರೇವಿಗೆ ದಪ್ಪ, ಜಿಡ್ಡು ಎರಡೂ ಇದರಿಂದಲೇ ಬರಬೇಕು.

ನೆರೂಳ್ ಓದುಗಿ · ಭಾನುವಾರ, ಸಂಜೆ 4:40

ಅಡುಗೆ ಬಗ್ಗೆ ನನಗೆ ಹೇಳಲು ಏನಿಲ್ಲ. ಒಣಗಿದ ಕಡಲೆ 100 ಗ್ರಾಂನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ಬೇಯಿಸಿದ ಮೇಲೆ ನೀರು ಸೇರಿ 100 ಗ್ರಾಂಗೆ 9ರ ಹತ್ತಿರ. ಅನ್ನ, ರೊಟ್ಟಿ ಜೊತೆಗಿದ್ದರೆ ಒಳ್ಳೆಯ ಊಟವೇ. ಆದರೆ ಬಿ12 ಕಡಲೆಯಲ್ಲಿ ಇಲ್ಲ, ಯಾವ ಕಾಳು, ಸೊಪ್ಪಿನಲ್ಲೂ ನಂಬುವಷ್ಟು ಸಿಗುವುದಿಲ್ಲ. ಹಾಲು ಬಿಟ್ಟ ಹುಡುಗ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ ಮಾತ್ರೆ ಶುರುಮಾಡಲಿ. ಮುಲುಂಡ್‌ನವರು ಕೇಳಬೇಕಾದ ಪ್ರಶ್ನೆ ಇದಾಗಿತ್ತು.

ಮುಲುಂಡ್ ಮಜ್ಜಿಗೆ · ಭಾನುವಾರ, ಸಂಜೆ 5:00

ಒಪ್ಪಿದೆ ತಾಯಿ.

ಡೊಂಬಿವಲಿ ಅಡುಗೆಮನೆ · ಮಂಗಳವಾರ, ರಾತ್ರಿ 9:30

ಧಾರವಾಡದ ತಂಗಿ ಹೇಳಿದ ಝುಣಕದ ವಡಿ ಮಾಡಿದೆ. ಮೊದಲ ಸಲಕ್ಕೇ ಬಂತು! ಕೊಯ್ಯುವಾಗ ಚಾಕುವಿಗೆ ಅಂಟಲಿಲ್ಲ. ನಮ್ಮವರು ರಸ್ಸಾ ಸುರಿಯುವ ಮೊದಲೇ ಆರು ತಿಂದರು.

ಖುಷಿಯಲ್ಲಿ ಮಗನಿಗೆ ಫೋಟೊ ಕಳಿಸಿದೆ. ಅವನ ಉತ್ತರ: "ಅಮ್ಮಾ, ಇಲ್ಲಿ ಮೆಸ್‌ನಲ್ಲಿ ವಾರಕ್ಕೆ ಎರಡು ದಿನ ಪಿಠಲ. ಮನೆಗೆ ಬಂದೂ ಅದೇನಾ?"

ಪಿಠಲ ಅಂದರೆ ಇದೇ ಕಡಲೆಹಿಟ್ಟಿನ ಝುಣಕ, ಸ್ವಲ್ಪ ತೆಳ್ಳಗೆ. ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ತಾಟಿನಲ್ಲಿ ಉಳಿದ ವಡಿ ನೋಡುತ್ತಾ ಒಂದು ಯೋಚನೆ ಬಂತು. ಬ್ರೆಡ್ ಪುಡಿ ಉದುರಿಸಿದರೆ ಕಟ್ಲೆಟ್ ನಿಲ್ಲಲಿಲ್ಲ. ಇಲ್ಲಿ ಕಡಲೆಹಿಟ್ಟು ಮೊದಲೇ ನೀರಿನಲ್ಲಿ ಬೆಂದಿದೆ, ಬರೀ ಹಿಟ್ಟೇ ಇಟ್ಟಿಗೆಯ ಹಾಗೆ ನಿಂತಿದೆ. ಹಾಗಾದರೆ ಈ ಮುದ್ದೆಯೊಳಗೇ ಬೆಂದ ಕಡಲೆ ಹಾಕಿದರೆ? ಹಳೆ ಹೋಟೆಲ್ ಅಣ್ಣಾ, ನಡೆಯುತ್ತದಾ?

ಹಳೆ ಹೋಟೆಲ್ ಕೈ, ಮಾಟುಂಗಾ · ಬುಧವಾರ, ಬೆಳಿಗ್ಗೆ 5:45

ನಡೆಯಬೇಕು. ನಾನು ಮಾಡಿ ನೋಡಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಹಿಟ್ಟು ಬೆಂದು ಅಂಟಾದ ಮೇಲೆ ಅದು ಸಿಮೆಂಟ್, ನಿಮ್ಮ ಕಡಲೆ ಜಲ್ಲಿ. ಜಲ್ಲಿ ಒದ್ದೆ ಇರಬಾರದು. ಕಡಲೆಗೆ ಮೂರೇ ವಿಷಲ್ ಸಾಕು, ಹಿಚುಕಿದರೆ ಎರಡು ಹೋಳಾಗಬೇಕು, ಹಿಟ್ಟಾಗಬಾರದು. ಮಿಕ್ಸಿ ಮುಟ್ಟಬೇಡಿ. ಬಿಸಿ ಇರುವಾಗಲೇ ಸೇರಿಸಿ, ಪೂರ್ತಿ ತಣ್ಣಗಾದ ಮೇಲೆ ಕೊಯ್ಯಿರಿ. ಬಿಸಿಯಲ್ಲಿ ಯಾವುದೂ ಗಟ್ಟಿ ನಿಲ್ಲುವುದಿಲ್ಲ.

ಹಿಂಜೆವಾಡಿ ಸಿಂಗಲ್ ರೂಮ್ · ಬುಧವಾರ, ಮಧ್ಯಾಹ್ನ 2:10

ಆಂಟಿ, ಕಡಲೆ ಬೇಯಿಸಿದ ನೀರು ಚೆಲ್ಲಬೇಡಿ. ಆಫೀಸಿನಲ್ಲಿ ಒಬ್ಬಳು ಅದನ್ನು ಮೊಟ್ಟೆಯ ಬಿಳಿ ಥರ ನೊರೆ ಬರಿಸಿ ಕೇಕ್ ಮಾಡುತ್ತಾಳೆ. ಫ್ರಾನ್ಸಿನ ಒಬ್ಬರು 2014ರಲ್ಲಿ ಇದನ್ನು ಕಂಡುಹಿಡಿದರಂತೆ, ಮರುವರ್ಷ ಅಮೆರಿಕದಲ್ಲಿ ಆಕ್ವಾಫಾಬಾ ಅಂತ ಹೆಸರಿಟ್ಟರು. ಅಂದರೆ ಕಾಳಿನ ನೀರು. ನಾನೂ ಪ್ರಯತ್ನಿಸಿದೆ, ನಮ್ಮ ಹತ್ತಿರ ಬೀಟರ್ ಇಲ್ಲ. ಅರ್ಧ ಗಂಟೆ ಫೋರ್ಕಿನಲ್ಲಿ ಕಡೆದು ಕೈ ನೋವು ಬಂತು, ನೊರೆ ಬರಲಿಲ್ಲ.

ಆರು ವರ್ಷದ ವೀಗನ್, ಔಂಧ್ · ಬುಧವಾರ, ಸಂಜೆ 7:20

ಫೋರ್ಕಿನಲ್ಲಿ ಯಾರಿಗೂ ಬಂದಿಲ್ಲಪ್ಪ. ಕುಕ್ಕರಿನ ನೀರು ತೆಳು ಇರುತ್ತದೆ. ಸಣ್ಣ ಉರಿಯಲ್ಲಿ ಬತ್ತಿಸಿ, ತಣ್ಣಗಾದಾಗ ಬೆರಳಿಗೆ ಲೋಳೆ ಹತ್ತಬೇಕು. ಆಮೇಲೆ ಎಲೆಕ್ಟ್ರಿಕ್ ಬೀಟರ್. ಸೋಡಾ ಹಾಕಿ ಬೇಯಿಸಿದ ನೀರಾದರೆ ಬೇಡ, ರುಚಿ ಕೆಟ್ಟಿರುತ್ತದೆ.

ಡೊಂಬಿವಲಿ ಅಡುಗೆಮನೆ · ಭಾನುವಾರ, ಮಧ್ಯಾಹ್ನ 3:40

ಬಂತು!

ಪೂರ್ತಿ ಬರೆಯುತ್ತೇನೆ, ಬೇಕಾದವರು ಮಾಡಿಕೊಳ್ಳಿ. ಗುರುವಾರ ಒಂದು ಸಲ, ನಿನ್ನೆ ಒಂದು ಸಲ ಮಾಡಿದೆ. ಗುರುವಾರದ್ದು ರುಚಿ ಇತ್ತು, ಕೊಯ್ಯುವಾಗ ಅಂಚು ಉದುರಿತು. ಅವಸರಪಟ್ಟು ಬೆಚ್ಚಗಿರುವಾಗಲೇ ಕೊಯ್ದೆ.

ಕಾಬೂಲಿ ಕಡಲೆ ರಾತ್ರಿ ಉಪ್ಪುನೀರಿನಲ್ಲಿ ನೆನೆಸಿ, ಬೆಳಿಗ್ಗೆ ಮೂರು ವಿಷಲ್. ಬಸಿದು ಹಳೇ ಪಂಚೆ ಮೇಲೆ ಫ್ಯಾನ್ ಕೆಳಗೆ ಒಂದು ಗಂಟೆ ಹರಡಿದೆ. ಬೆಂದದ್ದು ಒಂದೂವರೆ ಕಪ್ ತೆಗೆದುಕೊಂಡೆ. ಪಾವ್‌ಭಾಜಿ ಒತ್ತುವ ಮ್ಯಾಶರ್‌ನಲ್ಲಿ ಒತ್ತಿದೆ, ಅರ್ಧ ಹುಡಿ, ಅರ್ಧ ಹೋಳು. ಅರ್ಧ ಕಪ್ ಕಡಲೆಹಿಟ್ಟು, ಒಂದು ಕಪ್ ನೀರು, ತಂಗಿ ಹೇಳಿದ ಹಾಗೆ ಒಗ್ಗರಣೆಯಲ್ಲಿ ತಿರುವಿದೆ. ಈರುಳ್ಳಿ ಹಸಿ ಹಾಕಲಿಲ್ಲ, ಮೊದಲೇ ಕೆಂಪಗೆ ಹುರಿದು ಹಾಕಿದೆ. ಶುಂಠಿ, ಓಂಕಾಳು, ಕೊತ್ತಂಬರಿ. ಮುದ್ದೆ ತಳ ಬಿಟ್ಟ ಕೂಡಲೇ ಕಡಲೆ ಸುರಿದು ಕಲೆಸಿ, ಎಣ್ಣೆ ಸವರಿದ ಚಪಾತಿ ಡಬ್ಬಿಯಲ್ಲಿ ಎರಡು ಬೆರಳು ದಪ್ಪಕ್ಕೆ ಒತ್ತಿದೆ. ಬಟ್ಟಲಿನ ತಳದಿಂದ ಗಟ್ಟಿಯಾಗಿ ಒತ್ತಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಉಳಿಯುತ್ತದೆ. ಆರಿದ ಮೇಲೆ ಫ್ರಿಜ್‌ನಲ್ಲಿ ನಾಲ್ಕು ಗಂಟೆ.

ನಿನ್ನೆ ರಾತ್ರಿ ಡಬ್ಬಿ ಬೋರಲು ಹಾಕಿದೆ. ಒಂದೇ ಗಡ್ಡೆಯಾಗಿ ತಟ್ಟೆಗೆ ಧೊಪ್ ಅಂತ ಬಿತ್ತು. ಚಾಕು ಹಾಕಿದರೆ ಒಳಗೆ ಕಡಲೆ ಅರ್ಧರ್ಧ ಕತ್ತರಿಸಿ ಕಾಣುತ್ತಿತ್ತು, ನಡುವೆ ಹಳದಿ ಹಿಟ್ಟು. ಕಾವಲಿಗೆ ಎರಡು ಚಮಚ ಎಣ್ಣೆ ಬಿಟ್ಟು ಇಟ್ಟೆ. ಈ ಸಲ ಸಟ್ಟುಗ ದೂರ ಇಟ್ಟೆ. ನಾಲ್ಕು ನಿಮಿಷಕ್ಕೆ ಕೆಳಗೆ ಕೆಂಪಾಗಿ, ಕಾವಲಿ ಅಲ್ಲಾಡಿಸಿದರೆ ಹೋಳು ತಾನೇ ಜಾರಿತು. ಆಮೇಲೆ ತಿರುವಿದೆ. ಒಂದೂ ಒಡೆಯಲಿಲ್ಲ.

ಗ್ರೇವಿ ಮಡಗಾಂವ್‌ನವರದ್ದು. ಕಾಯಿ ಹುರಿಯುವಾಗ ನಿಜವಾಗಿಯೂ ಧೈರ್ಯ ಬೇಕಾಯಿತು. ನಮ್ಮವರು ಬಾಗಿಲಲ್ಲಿ ನಿಂತು "ಸೀದು ಹೋಯ್ತು, ಸೀದು ಹೋಯ್ತು" ಅಂತಿದ್ದರು. ಕಾಲು ಭಾಗ ಜಾಸ್ತಿಯೇ ಕಪ್ಪಾಗಿ ಸ್ವಲ್ಪ ಕಹಿ ಬಂದಿತ್ತು, ಬೆಲ್ಲದ ಚೂರು ಹಾಕಿ ಸರಿಮಾಡಿದೆ.

ಮಗ ತಟ್ಟೆಯ ನಡುವೆ ಎರಡು ಹೋಳು ಇಟ್ಟುಕೊಂಡ. ಸುತ್ತ ಗ್ರೇವಿ ಹಾಕಿಸಿಕೊಂಡ. ಮಾತಾಡದೆ ತಿಂದ. ಮೂರನೆಯದಕ್ಕೆ ತಟ್ಟೆ ಮುಂದೆ ಚಾಚಿ "ಇದಕ್ಕೆ ಹೆಸರೇನು?" ಅಂದ. ಹೆಸರು ಇಟ್ಟಿರಲಿಲ್ಲ. ನಮ್ಮವರು "ಗಟ್ಟಿ ಉಪ್ಪಿಟ್ಟು" ಅಂದರು. ಅದೇ ಉಳಿಯುವ ಹಾಗೆ ಕಾಣುತ್ತದೆ.

ನಾನು ನನ್ನ ಅನ್ನಕ್ಕೆ ತುಪ್ಪ ಹಾಕಿಕೊಂಡೆ. ಅವನೇ ಡಬ್ಬಿ ನನ್ನ ಕಡೆ ಸರಿಸಿದ.

ಕೊತ್ರೂಡ್ ಧಾರವಾಡ · ಭಾನುವಾರ, ಮಧ್ಯಾಹ್ನ 3:58

ಅಕ್ಕಾರೆ, ಬಾಯಾಗ ನೀರು ಬಂತು. ಉಳಿದ ಹೋಳು ಫ್ರಿಜ್‌ನಲ್ಲಿ ಎಷ್ಟು ದಿನ ಇರುತ್ತವೆ? ಮಗಳ ಡಬ್ಬಿಗೆ ಕಳಿಸಬೇಕು.

ಡೊಂಬಿವಲಿ ಅಡುಗೆಮನೆ · ಭಾನುವಾರ, ಸಂಜೆ 4:20

ಗುರುವಾರದ್ದು ಶನಿವಾರದವರೆಗೆ ಇತ್ತು, ಚೆನ್ನಾಗಿಯೇ ಇತ್ತು. ಅದಕ್ಕಿಂತ ಜಾಸ್ತಿ ದಿನ ಉಳಿದಿಲ್ಲ, ಗೊತ್ತಿಲ್ಲ. ಹುರಿಯದೆ ಇಡಿ, ಬೆಳಿಗ್ಗೆ ಬೇಕಾದಷ್ಟೇ ಕಾವಲಿಗೆ ಹಾಕಿ.

ಸುಮ್ನೆ ಓದುವವನು · ಭಾನುವಾರ, ಸಂಜೆ 5:05

ಗಟ್ಟಿ ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡಬಹುದಾ?

ಡೊಂಬಿವಲಿ ಅಡುಗೆಮನೆ · ಭಾನುವಾರ, ಸಂಜೆ 5:07

ಹಿಂಡಬಹುದು. ಚೆನ್ನಾಗಿರುತ್ತದೆ.

ಹಿಂಜೆವಾಡಿ ಸಿಂಗಲ್ ರೂಮ್ · ಭಾನುವಾರ, ರಾತ್ರಿ 9:45

ಅಂಕಲ್, ಬಿಸ್ಲೇರಿ ಕ್ಯಾನ್ ನೀರು, ಕಾಲು ಚಮಚ ಸೋಡಾ, ನಾಲ್ಕು ವಿಷಲ್, ಟೊಮೇಟೊ ಆಮೇಲೆ. ಬೆಂದಿದೆ! ರೂಮ್‌ಮೇಟ್ ಮೊದಲು ನೀನು ತಿನ್ನು ಅಂತ ನನ್ನ ಮುಖ ನೋಡುತ್ತಾ ಕೂತಿದ್ದಾನೆ.